ಎರಡು ಇಂಟು ಮಾರ್ಕು

ಜನವರಿ 6

ಮತ್ತೆ ಫೈಲ್ ಹೋಯಿತು. ಈ ಡಿಸೈನ್ ಸಾಫ್ಟ್‌ವೇರ್ ಮೂಲೆಯಲ್ಲಿ ಎರಡು ಇಂಟು ಮಾರ್ಕು. ಮೇಲಿನದು ಸಾಫ್ಟ್‌ವೇರ್ ಮುಚ್ಚಲು, ಕೆಳಗಿನದು ಫೈಲ್ ಮುಚ್ಚಲು. ನಡುವೆ ಸಾಸಿವೆ ಕಾಳಿನಷ್ಟು ಜಾಗ. ಯಾವ ಪುಣ್ಯಾತ್ಮ ಇಟ್ಟನೋ! ಅವಸರದಲ್ಲಿ ಮೇಲಿನದು ಒತ್ತಿದೆ, ‘ಸೇವ್ ಮಾಡಲೇ’ ಅಂದರೆ ನೋ ಒತ್ತಿದೆ. ಪ್ರೆಸ್ ಮಾಲೀಕ ಶಿವರಾಯಣ್ಣನಿಗೆ ನಗು.

"ಜೇವರ್ಗಿ ತುಂಬ ಮದಿವಿ ಕಾರ್ಡ್ ಮಾಡ್ತಿ, ಒಂದು ಗುಂಡಿ ಒತ್ತಾಕ ಬರಲ್ಲೇನವ್ವಾ ನಿಶಾತ?"

ಜನವರಿ 8

ಇವತ್ತು ನಮ್ಮದೇ ಕಾರ್ಡು. ತಂಗಿ ಮಸರತಳ ಮದುವೆ. ಮೇ ತಿಂಗಳಲ್ಲಿ ಇದ್ದದ್ದು... ಅಬ್ಬಾನಿಗೆ ಹಾರ್ಟ್ ಆಪರೇಶನ್ ಎಂದು ಗೊತ್ತಾದ ಮೇಲೆ ಈ ತಿಂಗಳಿಗೇ ಬಂತು. ಮದುವೆ ಮೊದಲು, ಆಪರೇಶನ್ ಆಮೇಲೆ — ಅವರ ಹಟ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೂ ಬರೆಯಲು ಹೆದರಿಕೆ.

ಎಂದಿನಂತೆ ಹಳೇ ಗಿರಾಕಿಯ ಕಾರ್ಡ್ ತೆಗೆದು ಹೆಸರು ಬದಲಿಸಿದೆ. ಕನ್ನಡ ನಾನೇ ಟೈಪ್ ಮಾಡಿದೆ. ಉರ್ದು ಮಾತಾಡುತ್ತೇನೆ, ಓದಲು ಬಾರದು. ಉರ್ದು ಟೀಚರ್ ಖಮರ ಆಪಾ ಹೆಸರುಗಳನ್ನು ಟೈಪ್ ಮಾಡಿ ಕಳಿಸಿದರು, ಹಳೇ ಹೆಸರಿನ ಜಾಗದಲ್ಲಿ ಕೂರಿಸಿದೆ.

ಕನ್ನಡ, ಉರ್ದು ಎರಡೂ ಕಾರ್ಡ್ ಒಟ್ಟಿಗೆ ನೋಡೋಣವೆಂದು ಕೆಳಗಿನ ಇಂಟು ಪಕ್ಕದ ಚೌಕ ಗುಂಡಿ ಒತ್ತಿದ್ದೇ ತಪ್ಪು. ಫೈಲ್ ಅಂಗೈಯಗಲ ಆಯಿತು. ಮೇಲಿನ ಚೌಕ ಒತ್ತಿದರೆ ಸಾಫ್ಟ್‌ವೇರ್ ದೊಡ್ಡದಾಗುತ್ತದೆ, ಒಳಗಿನ ಫೈಲ್ ಜಪ್ಪಯ್ಯ ಅಂದರೂ ಕದಲದು. ಅಂಚು ಹಿಡಿದು ಎಳೆದರೆ ಇಡೀ ಕಿಟಕಿಯೇ ಪಕ್ಕಕ್ಕೆ ಸರಿಯಿತು. ಸಾಕಾಯಿತು. ಕಂಡಷ್ಟರದ್ದೇ ಫೋಟೋ ತೆಗೆದು ಆಪಾಗೆ ಕಳಿಸಿದೆ. "ಸರಿ ಅದ" ಎಂದರು. ಪ್ರಿಂಟಿಗೆ ಕೊಟ್ಟೆ.

ಜನವರಿ 15

ಮುಖ ತೋರಿಸುವ ಹಾಗಿಲ್ಲ.

ಹಳೇ ಕಾರ್ಡಿನ ಹುಡುಗಿಗೆ ತಂದೆ ಇರಲಿಲ್ಲ. ಆತನ ಹೆಸರಿಗಿಂತ ಮೊದಲು ‘ಮರಹೂಮ್’ ಅಂತ ಇತ್ತು — ದಿವಂಗತ. ನಾನು ಬದಲಿಸಿದ್ದು ಹೆಸರಷ್ಟೇ. ಉರ್ದು ಸಾಲು ಬಲಗಡೆಯಿಂದ ಶುರು. ಆ ಶಬ್ದ ಬಲಗಡೆ, ಚಿಕ್ಕ ಕಿಟಕಿಯ ಆಚೆ ಉಳಿದಿತ್ತು. ಫೋಟೋದಲ್ಲಿ ಇಲ್ಲ. ಕಾರ್ಡಿನಲ್ಲಿ ಇದೆ.

ನಮ್ಮೂರು ಅತನೂರ ತುಂಬ ಹಂಚಿದವರು ಯಾರು? ಅಬ್ಬಾನೇ! ಅವರೂ ಕನ್ನಡ ಶಾಲೆಯಲ್ಲಿ ಓದಿದವರು, ಉರ್ದು ಓದಲು ಬಾರದು. ಮಸೀದಿ ಮುಂದೆ ಯಾರೋ ಹಿರಿಯರು ಓದಿ ಹೇಳಿದರಂತೆ. ಫೋನಿನಲ್ಲಿ ಅಮ್ಮಿ ಒಂದೇ ಸಮನೆ ಅಳು.

"ಆಪರೇಶನ್ ಮುಂದದ, ಇಂಥಾದ್ದು ಯಾಕ ಬರದಿ ಬೇಟಾ?"

ಚೌಕ ಗುಂಡಿ ಕೈಕೊಟ್ಟಿತು ಅನ್ನಲೇ?

ಜನವರಿ 16

ಅಬ್ಬಾನ ಫೋನ್. ಬೈಯುತ್ತಾರೆ ಅಂದುಕೊಂಡೆ. ನಗುತ್ತಿದ್ದರು.

"ಅಲ್ಲಬೇ, ಸತ್ತಾವ ಮನಿಮನಿಗಿ ಹೋಗಿ ದಾವತ್ ಕೊಟ್ಟು, ಚಾ ಕುಡದು ಬಂದಾನಲ್ಲ!"

ನಾನೂ ನಕ್ಕೆ. ಆ ಶಬ್ದ ಅಳಿಸಿ ಹೊಸ ಕಾರ್ಡ್ ಮಾಡುತ್ತೇನೆ ಎಂದೆ. ಅಬ್ಬಾನ ನಗು ನಿಂತಿತು.

"ಹೊಸಾದು ಮಾಡು. ಹಳೀದು ತೆಗೀಬ್ಯಾಡ. ಮುಂದ ಮುಜೀಬನ ಮದಿವಿಗಿ ಬೇಕಾಗ್ತದ."

ಮುಜೀಬ ನಮ್ಮ ತಮ್ಮ. ಈಗ ಎಂಟನೇ ಕ್ಲಾಸು.

ಸಿಟ್ಟು ಬಂತು. ಫೋನ್ ಇಟ್ಟೆ. ಶಬ್ದ ಅಳಿಸಿದೆ. ಕೆಳಗಿನ ಇಂಟು ಒತ್ತಿದರೆ ಕೇಳುತ್ತದೆ — ಸೇವ್ ಮಾಡಲೇ? ಯೆಸ್ ಅಂದರೆ ಹಳೆಯದು ಉಳಿಯುವುದಿಲ್ಲ. ಉಳಿಯಬಾರದು. ಕಣ್ಣು ಮಂಜು. ಯೆಸ್, ನೋ ಎರಡೂ ಅಂಟಿಕೊಂಡೇ ಇವೆ, ಒಂದು ಸಲವಾದರೂ ಸರಿಯಾದದ್ದನ್ನು ಒತ್ತಬೇಕು...