ಬಾಗಿಲ ಮೇಲಿನ ಒಂಟಿ ಕೆರ

ಹಲ್ಹೂಲ್,
ದ್ರಾಕ್ಷಿ ಕೊಯ್ಲಿನ ತಿಂಗಳು, ಅಮಾವಾಸ್ಯೆ ಕಳೆದು ಆರನೆಯ ದಿನ

ಜಿಬ್ಯಾಳ ಅಪ್ಪನಿಗೆ, ಹೊಗ್ಲಾಳ ವಂದನೆಗಳು. ನೀವಿರುವಲ್ಲಿ ಸಮಾಧಾನವಿರಲಿ.

ಮೊದಲು ನಿಮ್ಮ ಕಾಲು ಹೇಗಿದೆ ಹೇಳಿ. ಕೆರ ಇರುವ ಕಾಲಲ್ಲ, ಬರಿಗಾಲು. ಉಣ್ಣೆ ವ್ಯಾಪಾರದ ಗೇರ ಯೆರೂಸಲೇಮಿನಿಂದ ಬಂದವನು, ಹಿಮ್ಮಡಿ ಬಿರಿದು ರಕ್ತ ಬರುತ್ತಿದೆ, ಆದರೂ ನಡುಮಧ್ಯಾಹ್ನ ಕಾದ ಕಲ್ಲಿನ ಮೇಲೆ ಕುಂಟುತ್ತಾ ಅರಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ ಎಂದ. ಎಣ್ಣೆಗೆ ಮೇಣ ಕಲಸಿ ಅವನ ಕೈಯಲ್ಲಿ ಕಳಿಸಿದ್ದೇನೆ. ಮಲಗುವ ಮುಂಚೆ ಹಚ್ಚಿಕೊಳ್ಳಿ. ಕಾಲಿಗೆ ಎಣ್ಣೆ ಹಚ್ಚಬೇಡ ಎಂದು ದೇವರು ಹೇಳಿಲ್ಲವಲ್ಲ? ಹೇಳಿದ್ದರೆ ತಿಳಿಸಿ, ನಾನೇ ಅವನ ಹತ್ತಿರ ಮಾತಾಡುತ್ತೇನೆ. ಊಟ ಯಾರು ಕೊಡುತ್ತಾರೆ? ನಿಮ್ಮ ಶಾಪದ ಹೆದರಿಕೆಗೆ ಜನ ರೊಟ್ಟಿ ಕೊಡುತ್ತಾರಂತೆ. ಹೆದರಿಕೆಯ ರೊಟ್ಟಿಯಾದರೂ ಬಿಸಿಯಾಗಿದ್ದಾಗಲೇ ತಿನ್ನಿ. ಅಂಜೂರದ ಉಂಡೆ ಮಾತ್ರ ಬೇಡ, ನಿಮ್ಮ ಹೊಟ್ಟೆ ನನಗೆ ಗೊತ್ತು.

ಈ ತೊಗಲನ್ನು ತಿರುಗಿಸಿ ನೋಡಿ ಸಿಟ್ಟಾಗಬೇಡಿ. ಮನೆಯಲ್ಲಿ ಬರೆಯಲು ಬೇರೇನೂ ಇರಲಿಲ್ಲ. ಆ ಕಡೆ ಮೋವಾಬಿನ ಮೇಲೆ ನೀವು ನುಡಿದ ಶಾಪ, ಈ ಕಡೆ ನಮ್ಮ ಮನೆಯ ಸುದ್ದಿ. ಮುದ್ರೆ ಕೊರೆಯುತ್ತಿದ್ದ ನನ್ನಪ್ಪ ಮಗಳಿಗೆ ಅಕ್ಷರ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು. ಆ ಕಡೆ ಪಟ್ಟಣಗಳು ಉರಿಯುತ್ತಿವೆ, ಈ ಕಡೆ ನನ್ನ ಒಲೆ ಸರಿಯಾಗಿ ಹತ್ತುವುದಿಲ್ಲ.

ನಾನು ದಣಿದಿದ್ದೇನೆ. ಬೇರೆ ಯಾರ ಮುಂದೆ ಹೇಳಿದರೂ ಅದೂ ಒಂದು ಪ್ರವಾದನೆಯಾಗಿಬಿಡುತ್ತದೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಹೋದ ತಿಂಗಳು ಬಾವಿಕಟ್ಟೆಯಲ್ಲಿ ಕಾಲು ಜಾರಿ ಕೊಡ ಒಡೆಯಿತು. ಪಾಚಿ ಕಟ್ಟಿತ್ತು, ಜಾರಿದೆ, ಅಷ್ಟೆ. ಸಂಜೆಯೊಳಗೆ ಅರ್ಧ ಊರು ಕಾಳನ್ನು ಗುಂಡಿಗೆ ತುಂಬಿ ಮಣ್ಣು ಮುಚ್ಚಿತು. "ಪ್ರವಾದಿ ಹೆಂಡ್ತಿ ಕೊಡ ಒಡದ್ಲು, ಇನ್ನು ಮುತ್ತಿಗೇನೇ" ಎಂದು ಕುಂಬಾರಗೇರಿಯ ಮುದುಕಿ ಎದೆ ಬಡಿದುಕೊಂಡಳಂತೆ. ಮೊನ್ನೆ ಈರುಳ್ಳಿ ಹೆಚ್ಚುತ್ತಾ ಕಣ್ಣೊರೆಸಿಕೊಂಡೆ, ಅದನ್ನು ಕಂಡ ಪಕ್ಕದ ಮನೆಯವರು ಉಪವಾಸ ಕೂತರು. ಜಾರಿದ್ದು ಎಂದರೆ ನಂಬುವುದಿಲ್ಲ, ಈರುಳ್ಳಿ ಎಂದರೆ ನಂಬುವುದಿಲ್ಲ. ಒಂದು ದಿನವಾದರೂ ಬರೀ ಹೆಂಗಸಾಗಿ ಬೀದಿಯಲ್ಲಿ ನಡೆಯಬೇಕು ಅನ್ನಿಸುತ್ತದೆ. ಅತ್ತರೆ ನನ್ನ ಸಂಕಟಕ್ಕೆ ಅತ್ತಳು ಎಂದಾಗಬೇಕು.

ಈಗ ಆ ಕೆರದ ಮಾತಿಗೆ ಬರುತ್ತೇನೆ. ಜವೆಗೋಧಿ ಕೊಯ್ಲಿಗೆ ಎರಡು ದಿನವಿರುವಾಗ ಬೆಳಿಗ್ಗೆ ಎದ್ದವರೇ ಎಡಗಾಲಿನ ಕೆರ ಬಿಚ್ಚಿ ನನ್ನ ಕೈಗೆ ಕೊಟ್ಟಿರಿ. ಅರಸ ಕೇಳುವವರೆಗೂ ಹೀಗೇ ನಡೆಯುತ್ತೇನೆ, ಈ ಜನ ಬರಿಗಾಲಲ್ಲಿ ಸೆರೆಹೋಗುವ ದಿನ ಬಂತೆಂದು ಎಲ್ಲರಿಗೂ ತಿಳಿಯಲಿ, ಇದನ್ನು ಬಾಗಿಲ ಮೇಲೆ ಊರಿಗೆ ಕಾಣುವಂತೆ ತೂಗುಹಾಕು ಎಂದಿರಿ. ಹಾಕಿದೆ. ಹಿಟ್ಟು ನಾದುತ್ತಿದ್ದ ಕೈ, ತೊಳೆದುಕೊಳ್ಳಲೂ ಬಿಡಲಿಲ್ಲ ನೀವು. ಅಂದಿನಿಂದ ಅದು ಅಲ್ಲೇ ಇದೆ. ಗಾಳಿಗೆ ತಿರುಗುತ್ತದೆ, ಗುಬ್ಬಿ ಬಂದು ಕೂರುತ್ತದೆ, ನಾನು ಒಳಗೆ ಹೊರಗೆ ಓಡಾಡುವಾಗೆಲ್ಲ ತಲೆಗೆ ತಗುಲುತ್ತದೆ.

ಹೋದ ವಾರ ಮಹ್ಲಾ ಬಂದಿದ್ದಳು. ನಮ್ಮ ಬೀಗಿತಿ ಆಗಬೇಕಾದವಳು, ಹೆಫೆರನ ತಾಯಿ. ಪರ್ಣಶಾಲೆಯ ಹಬ್ಬ ಮುಗಿದ ನಾಲ್ಕನೇ ದಿನ ಮದುವೆ ಎಂದು ನೀವೇ ಮಾತು ಕೊಟ್ಟಿದ್ದು ನೆನಪಿದೆಯಲ್ಲ? ಜಿಬ್ಯಾಳ ಮುಸುಕಿಗೆ ಬಟ್ಟೆ ತಂದಿದ್ದಳು, ಪಾಪ, ಒಳ್ಳೆಯ ಬಟ್ಟೆ. ಹೊಸ್ತಿಲಲ್ಲಿ ತಲೆಯೆತ್ತಿ ನೋಡಿದವಳು ಅಲ್ಲೇ ನಿಂತಳು. "ಇದೇನಮ್ಮ, ಕೆರ ಕಳ್ಕೊಂಡೋನ್ ಮನೆ ಆಗೋಯ್ತಾ ನಿಮ್ದು?" ಎಂದಳು. ಆ ಬೈಗುಳ ನಮ್ಮ ಜನರಿಗೆ ಎಷ್ಟು ಚುಚ್ಚುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೊಲ ಬಿಟ್ಟುಕೊಡುವವನೂ ಹೆಣ್ಣಿನ ಮೇಲಿನ ಹಕ್ಕು ಬಿಟ್ಟುಕೊಡುವವನೂ ಕೆರ ಬಿಚ್ಚಿ ಎದುರಿನವರ ಕೈಗೆ ಕೊಟ್ಟು ಹೋಗುತ್ತಾನೆ, ಆಮೇಲೆ ಅವನಿಗೆ ಅದರ ಮೇಲೆ ಮಾತಿಲ್ಲ. ಅಣ್ಣ ಸತ್ತಾಗ ಅತ್ತಿಗೆಯ ಕೈ ಹಿಡಿಯದವನ ಮನೆಗೆ ತಲೆತಲಾಂತರಕ್ಕೂ ಆ ಹೆಸರು ಅಂಟುತ್ತದೆ. ಇದು ಹಾಗಲ್ಲ, ಪ್ರವಾದಿಯ ಗುರುತು ಎಂದೆ. ಮಹ್ಲಾ ಕೆಟ್ಟವಳಲ್ಲ, ಆದರೆ ಬಾಯಿ ಗಟ್ಟಿ. "ದೇವ್ರ ಮಾತೇ ಇರಬೋದು, ನಾನ್ಯಾಕೆ ಇಲ್ಲ ಅನ್ಲಿ? ಆದ್ರೆ ನನ್ ಮಗ ಕಟ್ಕೊಳೋದು ನಿನ್ ಮಗಳನ್ನ ಕಣೆ, ದೇವ್ರ ಮಾತನ್ನಲ್ಲ. ಆ ಕೆರದ ಕೆಳಗಿಂದ ನಮ್ ಸೊಸೆ ಆಚೆ ಬರೋದು ಬೇಡ. ಅವಳಪ್ಪ ಬಂದು ಊರ ಬಾಗ್ಲಲ್ಲಿ, ಹಿರೇರ ಮುಂದೆ, ಎರಡು ಕಾಲಿಗೂ ಕೆರ ಹಾಕ್ಕೊಂಡು, ಇದು ನನ್ ಮನೆ, ಇವಳು ನನ್ ಮಗಳು ಅನ್ಲಿ. ಇಲ್ದಿದ್ರೆ ಹಬ್ಬದ ಮಾರನೇ ದಿನಾನೇ ಬೇರೆ ಕಡೆ ಹೆಣ್ಣು ನೋಡ್ತೀವಿ" ಎಂದಳು. ಬಟ್ಟೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ನೀರೂ ಕುಡಿಯಲಿಲ್ಲ.

ಜಿಬ್ಯಾ ಒಳಗೆ ಅವರೆ ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವಳು ಹುಟ್ಟಿದ ದಿನ ನೀವು ಊರ ಮುಂದೆ ಅವಳನ್ನೆತ್ತಿ 'ಆರಿದ ಒಲೆ' ಎಂದು ಹೆಸರಿಟ್ಟಿರಿ, ಸಮಾರ್ಯದ ಗತಿ ಅದೇ ಎಂದಿರಿ. ನಾನಿನ್ನೂ ಬಾಣಂತಿ, ಚಾಪೆ ಬಿಟ್ಟು ಎದ್ದಿರಲಿಲ್ಲ. ಆರಿದ ಒಲೆಯನ್ನು ಯಾವ ಅತ್ತೆ ತಾನೇ ಮನೆ ತುಂಬಿಸಿಕೊಳ್ಳುತ್ತಾಳೆ? ಹದಿನೈದು ವರ್ಷ ಜಿಬ್ಯಾ, ಜಿಬ್ಯಾ ಎಂದು ಕೂಗಿ ಕೂಗಿ ಊರಿಗೆ ಆ ಹೆಸರು ಮರೆಸಿದೆ. ಈ ಒಂಟಿ ಕೆರ ಅದನ್ನೆಲ್ಲ ಮತ್ತೆ ನೆನಪಿಸಿತು. ಕೊನೆಯ ಕಾಯಿ ಬಿಡಿಸಿದ ಮೇಲೆ ಅವಳು ಕೇಳಿದ್ದು ಇಷ್ಟೇ: "ಅಮ್ಮಾ, ಅಪ್ಪಂಗೆ ನಾನು ಹುಟ್ಟಿದ್ದು ಯಾರಿಗೋ ಸುದ್ದಿ ಹೇಳಿಕಳ್ಸೋಕಾ?" ಎದ್ದು ಒಲೆ ಊದಿದೆ. ಅವರೆ ಬೇಯಿಸಿದೆ. ಇಬ್ಬರಿಗೂ ಸೇರಲಿಲ್ಲ.

ನಿಮ್ಮ ಮಾತು ಸುಳ್ಳೆಂದು ನಾನು ಯಾವತ್ತೂ ಅಂದಿಲ್ಲ. ಸಮಾರ್ಯ ಬಿತ್ತು, ನೀವು ಹೇಳಿದ ಹಾಗೇ ಬಿತ್ತು. ದೇವರು ನಿಮ್ಮನ್ನು ಕೂಗಿದಾಗ ನಿಮ್ಮ ಮುಖ ಬಿಳಿಚಿಕೊಂಡಿದ್ದನ್ನು ಕಂಡವಳು ನಾನೊಬ್ಬಳೇ. ನೀವಾಗಿ ಬಯಸಿ ಹೋದವರಲ್ಲ ಎಂದು ನನ್ನಷ್ಟು ಯಾರಿಗೂ ಗೊತ್ತಿಲ್ಲ. ಆದರೆ ಅದಕ್ಕೂ ಮುಂಚೆ ನೀವು ಕುರಿಯ ಉಣ್ಣೆ ಕತ್ತರಿಸುತ್ತಾ ಅಪಸ್ವರದಲ್ಲಿ ಹಾಡುತ್ತಿದ್ದ ಅಜರೇಲ. ನಮ್ಮ ಮದುವೆಯ ದಿನ ನನ್ನ ಹೊಸ ಕೆರ ಕಚ್ಚಿ ಬೊಬ್ಬೆ ಎದ್ದಾಗ, ಮೆರವಣಿಗೆ ನಿಲ್ಲಿಸಿ, ನಿಮ್ಮ ಕೈಯಾರೆ ಅದನ್ನು ಬಿಚ್ಚಿ, ಊರು ಮುಟ್ಟುವ ತನಕ ಹಿಡಿದುಕೊಂಡು ಬಂದಿರಿ. "ನೋಡ್ರೋ, ಹೆಂಡ್ತಿ ಕೆರ ಹೊರೋ ಗಂಡು!" ಎಂದು ನಿಮ್ಮ ಗೆಳೆಯರು ಕೇಕೆ ಹಾಕಿದರು. ನೀವು ನಕ್ಕಿರಿ, ಬೀಳಿಸಲಿಲ್ಲ. ದೇವರಿಗಿಂತ ಮುಂಚೆ ನನಗೆ ಮಾತು ಕೊಟ್ಟವರು ನೀವು. ಇದನ್ನು ಜಗಳಕ್ಕೆ ಹೇಳುತ್ತಿಲ್ಲ, ನೆನಪಾಯಿತು, ಹೇಳಿದೆ.

ಆದ್ದರಿಂದ ಆತನ ಹತ್ತಿರ ಹತ್ತು ದಿನ ಬಿಡುವು ಕೇಳಿಕೊಳ್ಳಿ. ಯೆರೂಸಲೇಮ್ ಇಷ್ಟು ವರ್ಷ ಕೇಳಲಿಲ್ಲ, ಇನ್ನು ಹತ್ತು ದಿನ ಕೇಳದಿದ್ದರೆ ಏನೂ ಆಗುವುದಿಲ್ಲ. ಹೊರಗೆ ಸಂಕೇತವಾಗಿದ್ದು ಸಾಕು, ಬಂದು ಅಪ್ಪನಾಗಿ ನಿಲ್ಲಿ. ದ್ರಾಕ್ಷಿ ಈ ಸಲ ಪರವಾಗಿಲ್ಲ. ಕಪ್ಪು ಆಡು ಎರಡು ಮರಿ ಹಾಕಿದೆ, ಒಂದಕ್ಕೆ ನಿಮ್ಮ ಹಾಗೇ ಗಡ್ಡ. ಜಿಬ್ಯಾ ನಿಮ್ಮ ಪಾದಕ್ಕೆ ನಮಸ್ಕಾರ ತಿಳಿಸಿದ್ದಾಳೆ, ಎರಡು ಪಾದಕ್ಕೂ. ಹಿರಿಯರ ದೇವರು ನಿಮ್ಮನ್ನು ಕಾಯಲಿ, ನಡುನಡುವೆ ಒಂದು ಗಳಿಗೆ ಸುಮ್ಮನೆಯೂ ಬಿಡಲಿ.

ಇಂತಿ,
ನಿಮ್ಮ ಹೊಗ್ಲಾ

ಇನ್ನೊಂದು ಮಾತು: ಗೇರ ಕತ್ತೆಗೆ ಹೊರೆ ಕಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದೆಲ್ಲ ನಿನ್ನೆ ರಾತ್ರಿ ಬರೆದದ್ದು, ಇವತ್ತು ಬೆಳಿಗ್ಗೆ ಮಣೆ ಹತ್ತಿ ಬಾಗಿಲ ಮೇಲಿನ ಕೆರ ಇಳಿಸಿದೆ. ಬೀದಿಯೆಲ್ಲ ನೋಡಿತು, ಕುಂಬಾರಗೇರಿಯ ಮುದುಕಿ ಆಗಲೇ ಓಡಿದಳು. ಇದಕ್ಕೆ ಏನು ಅರ್ಥ ಕಟ್ಟುತ್ತಾರೋ ಕಟ್ಟಲಿ. ಅದನ್ನು ಒರೆಸಿ, ಹೊಸ ಪಟ್ಟಿ ಹೊಲಿಸಿ, ಎಣ್ಣೆಯ ಜೊತೆ ಗಂಟಿನಲ್ಲಿ ಇಟ್ಟಿದ್ದೇನೆ. ಅಂದು ನೀವು ಬಿಚ್ಚಿ ನನ್ನ ಕೈಗೆ ಕೊಟ್ಟಿರಿ, ಕೈಯಲ್ಲಿ ಹಿಟ್ಟಿತ್ತು, ಯೋಚನೆ ಮಾಡದೆ ತೆಗೆದುಕೊಂಡೆ. ನಮ್ಮನ್ನು ಬಿಟ್ಟುಕೊಟ್ಟಿರಿ ಎಂದು ನಾನು ಒಪ್ಪಿಕೊಂಡಿರಲಿಲ್ಲ, ಈಗ ಹಿಂದಕ್ಕೆ ಕಳಿಸುತ್ತಿದ್ದೇನೆ. ಹಬ್ಬದ ಹೊತ್ತಿಗೆ ಅದು ಗೇರನ ಕೈಯಲ್ಲಿ ಒಂಟಿಯಾಗಿ ವಾಪಸು ಬಂದರೆ, ಈ ಸಲ ಕೈ ತೊಳೆದುಕೊಂಡು, ಊರ ಬಾಗಿಲಲ್ಲಿ ಹಿರಿಯರ ಮುಂದೆ ತೆಗೆದುಕೊಳ್ಳುತ್ತೇನೆ. ಆಮೇಲೆ ಈ ಮನೆ ನನ್ನದು, ಮಗಳು ನನ್ನವಳು, ಅವಳ ಕೈ ಹಿಡಿದು ನಾನೇ ಹೊಸ್ತಿಲು ದಾಟಿಸುತ್ತೇನೆ. ಇದು ಸಂಕೇತವಲ್ಲ, ನಿಮ್ಮ ಹೆಂಡತಿಯ ಮಾತು. ಹೊಸ ಪಟ್ಟಿ, ಬಿರಿದ ಕಾಲು, ದಾರಿಯಲ್ಲಿ ಕಚ್ಚಬಹುದು. ಕಚ್ಚಿದರೆ ಕೈಯಲ್ಲಿ ಹಿಡಿದುಕೊಂಡು ಬನ್ನಿ, ಊರ ಬಾಗಿಲ ಹತ್ತಿರ ಹಾಕಿಕೊಂಡರೆ ಸಾಕು. ಆದರೆ ಬನ್ನಿ.