ಬಳುವಳಿ ಕೊಟ್ಟ ಆಕಳ

ವಳಸಂಗ
ಶ್ರಾವಣದ ಎರಡನೇ ಸೋಮವಾರ, ೯ ಆಗಸ್ಟ್ ೧೯೫೪

ನನ್ನ ಮಗಳು ಸೌಭಾಗ್ಯವತಿ ಗೌರವ್ವಗ ನಿಮ್ಮವ್ವನ ಆಶೀರ್ವಾದ. ಬಸವಣ್ಣ ನಿನ್ನ ಮನಿ ತಣ್ಣಗಿಟ್ಟಿರಲಿ.

ಇವತ್ತ ಒಪ್ಪತ್ತು. ನಸುಕಿನ್ಯಾಗ ಎದ್ದು ಕಸ ಹೊಡೆದು, ಲಿಂಗಪೂಜಿ ಮುಗಿಸಿ, ದನಕ್ಕ ನೀರು ತೋರಿಸಿ ಈಗ ಕುಂತೀನಿ. ಅಂಗಳ ಮಾತ್ರ ಸಾರಿಸಿಲ್ಲ. ನಮ್ಮ ಕೆಂದಿ ಆಕಳದ ಸೆಗಣಿ ನೀರಾಗಿ ಹೋಗತದ.

ಯುಗಾದಿಯಿಂದ ಹಿಂಗ. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಆದರೂ ಮೈ ಇಳಿದು ಎಲುಬು ಎದ್ದಾವ. ದಾಳಿಂಬಿ ಸಿಪ್ಪಿ ಕುದಿಸಿ ಕುಡಿಸಿದೆ, ಹರಕಿ ಹೊತ್ತೆ. ಕಡೀಕ ಜತ್ತದ ದನದ ಡಾಕ್ಟರನ್ನ ಕರಿಸಿದೆವು. ಅವರು ಕುತ್ತಿಗಿ ಕೂದಲ ಬೋಳಿಸಿ ತೊಗಲಿನ್ಯಾಗ ಸೂಜಿ ಚುಚ್ಚಿದರು. ಅಲ್ಲಿ ಬಾವು ಬಂದರ ಕರುಳಿನ ಜಡ್ಡು, ನಾ ಬಂದು ನೋಡೂತನಕ ಏನೂ ಮಾಡಬ್ಯಾಡ್ರಿ ಅಂತ ಹೇಳಿ ಹೋದರು.

ಬಾವು ಬಂತು. ಬಾವು ಕಂಡಲ್ಲಿ ಬರಿ ಎಳೆಯೂದು ನಮ್ಮವರ ರೂಢಿ. ನಿಮ್ಮಪ್ಪ ನೇಗಿಲ ಕುಡ ಕೆಂಪಗ ಕಾಸಿ ಎಳೆದುಬಿಟ್ಟರು. ಡಾಕ್ಟರು ಬಂದು ನೋಡಿದರ, ಸೂಜಿ ಬಾವು ಯಾವುದು, ಬರಿ ಬಾವು ಯಾವುದು? ಆಕಳಿಗೆ ಎಳೆದ್ರೋ, ನನಗ ಎಳೆದ್ರೋ ಅಂತ ಹಣಿ ಬಡಕೊಂಡರು. ಲಗೂನ ಮತ್ತ ಚುಚ್ಚಿದರ ಖರೆ ತಿಳಿಯೂದಿಲ್ಲಂತ. ಈ ಜಡ್ಡು ಸಣ್ಣಂದಿನ್ಯಾಗ ತಾಯಿ ಹಾಲು, ಸೆಗಣಿಯಿಂದ ಕರುವಿಗೆ ಹೊಕ್ಕು, ವರ್ಷಾನುಗಟ್ಟಲೆ ಅಡಗಿ ಕುಂದರತದಂತ. ಇದರ ಕರ ಎಲ್ಲಿ ಅದ, ಅದನ್ನ ಪರೀಕ್ಷಾ ಮಾಡೂಣು ಅಂದರು.

ಸತ್ತು ಹೋತ್ರಿ ಅಂದರು ನಿಮ್ಮಪ್ಪ.

ಗೌರವ್ವಾ, ನಿನ್ನ ಮದುವ್ಯಾಗ ಬಳುವಳಿ ಕೊಟ್ಟ ಕೆಂದಿ ಕರ ಚಂದ್ರಿನ್ನ ಸತ್ತು ಹೋತು ಅಂದರು! ಆಮ್ಯಾಲ ಕೇಳಿದರ, ಬೀಗರ ಮನಿಗೆ ಜಡ್ಡು ಹೊಡಕೊಂಡು ಹೋಗಿ ಕಟ್ಟಿ ಬಂದೀವಿ ಅಂತ ಡಂಗುರ ಹೊಡೀಲೇನು ಅಂತ ನನ್ನನ್ನ ಜಬರಿಸಿದರು.

ಅವರ ಅಂಜಿಕಿನೂ ಸುಳ್ಳಲ್ಲ. ಚಂದ್ರಿ ಹಾಲು ಕಡಿಮಿ ಮಾಡಿದಾಗ ನಿಮ್ಮತ್ತಿ ಮಲಕವ್ವ, ಸೊಸಿ ತವರಿನ ಆಕಳಂತ, ತಿನ್ನೂದರಾಗ ಶ್ಯಾಣ್ಯಾ ಅದ ಅಂದಿದ್ದರಂತ. ಇದು ತಿಳಿದರ ಆಕಳ ಹಗ್ಗ ನಿನ್ನ ಕೈಯಾಗ ಕೊಟ್ಟು ಹೊರಗ ಹಾಕತಾರ. ಸುಮ್ಮನಿದ್ದರ ಅವರ ಕೊಟ್ಟಿಗಿ ಕರಗಳು ಚಂದ್ರಿ ಸೆಗಣ್ಯಾಗ ಮೂಗು ಇಡತಾವ. ಲಿಂಗದ ಮುಂದ ಕುಂತರ ಕಣ್ಣು ಮುಚ್ಚಾಕ ಆಗವಲ್ಲದು. ಚಂದ್ರಿ ಈದರ, ತಾಯಿ ನೆಕ್ಕೂ ಮೊದಲ ಕರ ಕಸಗೊಂಡು ಬ್ಯಾರೆ ಆಕಳ ಹಾಲು ಕುಡಿಸಬೇಕಂತ. ಅಂಥಾ ಪಾಪ ನಿನ್ನ ಕೈಲೆ ಹೆಂಗ ಮಾಡಿಸಲಿ?

ಚಂದ್ರಿ ಸೆಗಣಿ ಹೆಂಗದ, ಮುಚ್ಚಿಡದ ತಿಳಿಸು. ನೀ ಹ್ಞೂಂ ಅಂದರ ಡಾಕ್ಟರಿಗೆ ಖರೆ ಹೇಳತೀನಿ. ಬ್ಯಾಡ ಅಂದರ ಬಾಯಿ ಹೊಲಕೊಂಡು ಇರತೀನಿ.

ನಿನ್ನ ಹಡೆದವ್ವ
ಗುರವ್ವ

ತಾ.ಕ. — ನೀ ಹ್ಞೂಂ ಅಂದರ ಹೇಳತೀನಿ ಅಂತ ಮ್ಯಾಲ ಬರೆದದ್ದು ಸುಳ್ಳು, ಗೀಟು ಹೊಡೆದು ಹಾಕಾಕ ಮನಸ್ಸು ಬರಲಿಲ್ಲ. ನಿನ್ನೆ ಡಾಕ್ಟರು ಊರಾಗ ಬಂದಿದ್ದರು, ಎಲ್ಲಾ ಹೇಳಿಬಿಟ್ಟೀನಿ. ಗುರುವಾರ ಯಳವಿಗೆ, ನಿಮ್ಮ ಮನಿಗೇ ಬರತಾರ. ನಿಮ್ಮಪ್ಪಗ ಗೊತ್ತಿಲ್ಲ. ಅತ್ತಿ ಮುಂದ ನೀನ ಮೊದಲ ಬಾಯಿ ಬಿಡು, ಮಂದಿಯಿಂದ ತಿಳಿಯೂದು ಬ್ಯಾಡ. ಈ ಪತ್ರ ತಂದ ಬಳಿಗಾರತಿ ಬಿಬಿಜಾನ ಬುಧವಾರ ಮತ್ತ ಬರತಾಳ, ಬುಟ್ಟಿ ಹೊತ್ತಾಕಿನ್ನ ಒಳಗ ಬರಬ್ಯಾಡ ಅನ್ನೂದಿಲ್ಲ ಯಾರೂ. ಬೈದು ಬರದರೂ ಬರಿ, ಆಕಿ ಕೈಯಾಗ ಕೊಟ್ಟು ಕಳಿಸು.