ಮೂವತ್ತು ದಿನ ಬಾಯಿ ಮುಚ್ಚಿಕೊಂಡಿರಬೇಕಂತೆ

ಮೇ 7, ಬುಧವಾರ. ಬೆಳಗ್ಗೆ ಎಂಟು

ಗೌರಿ ಚೆನ್ನಾಗಿ ಹಾಲು ಕೊಟ್ಟಳು. ಮೊದಲನೇ ಮಹಡಿಯವರು ಹಾಲಿನಲ್ಲಿ ಏನೋ ವಾಸನೆ ಅಂದರು. ಹಸುವಿನ ಹಾಲಿನಲ್ಲಿ ಹಸುವಿನ ವಾಸನೆ ಬರದೆ ಪೆಟ್ರೋಲ್ ವಾಸನೆ ಬರುತ್ತದಾ? ನಾಳೆಯಿಂದ ಪ್ಯಾಕೆಟ್ ತಗೊಳ್ಳಿ ಎಂದೆ. ಹಾಲು ತಗೊಂಡೇ ಹೋದರು.

ಟಿವಿ ತುಂಬ ಯುದ್ಧ. ಸುದ್ದಿ ಓದುವವನ ಹಾರಾಟ ನೋಡಿದರೆ ಬಾಂಬು ಅವನೇ ಹೊತ್ತುಕೊಂಡು ಹೋಗಿ ಹಾಕಿ ಬಂದ ಹಾಗಿದೆ. ಆಫ್ ಮಾಡಿದೆ.

ಟೆರೇಸ್ ರೂಮಿನಲ್ಲಿ ಬಾಡಿಗೆಗಿರುವ ಇಂಚರ ಕಾಫಿಗೆ ಬಂದಳು. ಕಣ್ಣು ಕೆಂಪು, ರಾತ್ರಿ ಊಟವೂ ಇಲ್ಲವಂತೆ. ಆಫೀಸು ಬನ್ನೇರುಘಟ್ಟ ರಸ್ತೆಯಲ್ಲಿ. ಜನ ಫೋನಿನಲ್ಲಿ ಬರೆದು ಹಾಕುವ ಹೊಲಸನ್ನು ಓದಿ, ಇರಲಿ ಅಥವಾ ತೆಗಿ ಎಂದು ಒತ್ತುವ ಕೆಲಸ. ಕನ್ನಡದ್ದೆಲ್ಲ ಇವಳ ಟೀಮಿಗೆ. ಒಂದಕ್ಕೆ ನಲವತ್ತು ಸೆಕೆಂಡು. ನನಗೆ ಕನ್ನಡಕ ಹುಡುಕುವುದಕ್ಕೇ ಅಷ್ಟು ಬೇಕು.

"ರೂಲ್ ದಿನಾ ಬದಲಾಯಿಸ್ತಾರೆ ಅಜ್ಜಿ. ಶತ್ರು ಸೈನ್ಯಕ್ಕೆ ಬೈದ್ರೆ ಇರ್ಲಿ. ಜನಕ್ಕೆ ಸಾಯಿಸ್ತೀವಿ ಅಂದ್ರೆ ತೆಗಿ. ನಿನ್ನೆ ಯಾರೋ ಒಬ್ರು ವಯಸ್ಸಾದೋರು ಬರ್ದಿದ್ರು. ನಿಮ್ಮನೆ ಮುಂದೆ ಎಕ್ಕ ಹುಟ್ಟ, ನಿಮ್ಮ ಒಲೇಲಿ ಬೆಕ್ಕು ಮಲಗ ಅಂತ. ಭಯ ಆಗಿ ತೆಗೆದ್ಬಿಟ್ಟೆ."

ಸಿಟ್ಟು ಬಂತು. "ಲೇ, ಅದು ಶಾಪ ಕಣೇ. ಶಾಪ ಹಾಕೋಳು ಕೈಲಾಗದೋಳು. ಒಂದು ಹಿಡಿ ಮಣ್ಣು ತೂರಿ, ದೇವರಿಗೆ ಬಿಟ್ಟು, ಮನೆಗೆ ಬಂದು ಮುದ್ದೆ ತಿರುವ್ತಾಳೆ. ಹೊಡೆಯೋನು ಹಂಗಲ್ಲ. ಅವನು ಕೂಗಾಡಲ್ಲ. ಜಾಗ ಹೇಳ್ತಾನೆ, ಹೊತ್ತು ಹೇಳ್ತಾನೆ. ಅವನನ್ನ ಹಿಡಿ."

ಹುಡುಗಿ ಅದನ್ನು ಫೋನಿನಲ್ಲಿ ಬರೆದುಕೊಂಡಳು. ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವಳು ನಾನು. ಇವತ್ತು ಮೇಷ್ಟ್ರಾದೆ. ಎರಡನೇ ಲೋಟ ಕಾಫಿ ಕೊಟ್ಟೆ.

ಮೇ 8, ಗುರುವಾರ. ಸಂಜೆ

ಪಿಳ್ಳಣ್ಣ ಹೋದ. ತೊಂಬತ್ತೊಂದು. ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಅಂಥ ಸಾವು ನನಗೂ ಬರಲಿ.

ನಮ್ಮ ಸುದ್ದಗುಂಟೆಪಾಳ್ಯದಲ್ಲಿ ತುಂಬಿದ ವಯಸ್ಸಿನವರು ಹೋದರೆ ಅಳುವ ಪದ್ಧತಿ ಇಲ್ಲ. ತಮಟೆ, ಪಟಾಕಿ, ಕುಣಿತ. ಮೊಮ್ಮಕ್ಕಳು ಸಖತ್ತಾಗಿ ಕುಣಿದರು. ಬಾಬಾಜಾನ್‌ನ ಹತ್ತಿ ಹಾಸಿಗೆ ಅಂಗಡಿ ಮುಂದೆ ಚಟ್ಟ ಇಳಿಸಿದರು. ಆ ಜಗಲಿ ಮೇಲೆ ಅವನೂ ಪಿಳ್ಳಣ್ಣನೂ ನಲವತ್ತು ವರ್ಷ ಚೌಕಾಬಾರ ಆಡಿದ್ದಾರೆ, ನಲವತ್ತು ವರ್ಷವೂ ಮೋಸ ಮಾಡಿದೆ ಎಂದು ಕಿತ್ತಾಡಿದ್ದಾರೆ. ಬಾಬಾಜಾನ್ ಹಾರ ಹಾಕಿದ, ಪುರಿ ಚೆಲ್ಲಿದ, ಎರಡು ಕೈ ಮೇಲೆತ್ತಿ ಏನೋ ಬೇಡಿಕೊಂಡ.

"ಅಕ್ಕಾ, ಇನ್ನು ಜಗಳ ಆಡೋಕೆ ಯಾರವ್ರೆ ನನಗೆ?"

"ನಾನಿದೀನಲ್ಲ, ಸಾಲ್ದಾ?" ಎಂದೆ. ಅಳುತ್ತಲೇ ನಕ್ಕ.

ಎದುರಿನ ಹೊಸ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ವಿಡಿಯೋ ಮಾಡಿಕೊಂಡರು. ಅವರು ಇಂಥ ಸಾವು ಎಲ್ಲಿ ನೋಡಿರುತ್ತಾರೆ.

ನಮ್ಮಣ್ಣನ ಮಗ ಶಿವರಾಮನಿಗೆ ಯಾರೂ ಹೇಳಿಕಳಿಸಲಿಲ್ಲ. ಜಮೀನಿನ ಗಡಿ ವಿಚಾರಕ್ಕೆ ಪಿಳ್ಳಣ್ಣನ ಮನೆಗೂ ನಮ್ಮ ಮನೆಗೂ ಕೋರ್ಟು ಆಗಿತ್ತು. ಅಂಥ ಕಡೆ ಸಾವಿಗೂ ಹೇಳುವುದಿಲ್ಲ, ಅದು ಇಲ್ಲಿನ ಕಟ್ಟು. ನನಗೂ ಹೇಳಿರಲಿಲ್ಲ, ಆದರೂ ಹೋಗಿ ನಿಂತೆ. ನನ್ನನ್ನು ಯಾರು ತಡೆಯುತ್ತಾರೆ? ಶಿವರಾಮ ಈಗ ಗೊಟ್ಟಿಗೆರೆಯಲ್ಲಿದ್ದಾನೆ. ಅಣ್ಣ ಸತ್ತ ಮೇಲೆ ನಾನೇ ಸಾಕಿದ್ದು. ಕೋಪವೂ ನನ್ನದೇ ಬಂದಿದೆ.

ಮೇ 10, ಶನಿವಾರ. ಸಂಜೆ ಏಳು

ಯುದ್ಧ ನಿಂತಿತಂತೆ. ಗಡಿಯಲ್ಲಿ. ಫೋನಿನಲ್ಲಿ ನಿಂತಿಲ್ಲ.

ಪಾಳ್ಯದ ಗ್ರೂಪಿನಲ್ಲಿ ಒಂದು ವಿಡಿಯೋ. ಎಂಟು ಸೆಕೆಂಡು. ಹೊಗೆ, ಪಟಾಕಿ, ಕುಣಿಯುವ ಹುಡುಗರು, ಅಂಗಡಿ ಮುಂದೆ ಎರಡು ಕೈ ಎತ್ತಿ ನಿಂತ ಬಾಬಾಜಾನ್. ಚಟ್ಟ ನೆಲದ ಮೇಲಿತ್ತಲ್ಲ, ಕಾಣುವುದೇ ಇಲ್ಲ. ಮೇಲೆ ಬರೆದಿದ್ದಾರೆ — "ನಮ್ಮ ಸೈನಿಕರು ಸಾಯುತ್ತಿದ್ದರೆ ಸುದ್ದಗುಂಟೆಪಾಳ್ಯದಲ್ಲಿ ಹಬ್ಬ."

ಕೆಳಗೆ ನೂರಾರು ಜನ. ಬೈಗುಳ ಬಿಡು, ಬೈಗುಳಕ್ಕೆ ನಾನು ಹೆದರುವವಳಲ್ಲ. ಒಂದು ಸಾಲು ಮಾತ್ರ ಎರಡು ಸಲ ಓದಿದೆ.

"ಹತ್ತಿ ಎಷ್ಟು ಚೆನ್ನಾಗಿ ಉರಿಯುತ್ತೆ ನೋಡೋಣ. ನಾಳೆ ಸಂಜೆ ಆರು, ಅಂಗಡಿ ಮುಂದೆ."

ಬರೆದವನು ಶಿವರಾಮ. ಜಾಗ ಹೇಳಿದ್ದಾನೆ. ಹೊತ್ತು ಹೇಳಿದ್ದಾನೆ.

ಹನ್ನೊಂದು ಸಲ ಫೋನು ಮಾಡಿದೆ. ಎತ್ತುತ್ತಿಲ್ಲ, ಬಡ್ಡೀಮಗ. "ಅದು ಪಿಳ್ಳಣ್ಣನ ಸಾವು ಕಣ್ರೋ" ಎಂದು ಅದರ ಕೆಳಗೇ ಬರೆದೆ. ಎಷ್ಟು ದುಡ್ಡು ಕೊಟ್ಟರು ಆಂಟಿ ಎಂದ ಒಬ್ಬ. ನನ್ನ ಮಾತು ನೂರರ ಕೆಳಗೆ ಹೂತುಹೋಯಿತು.

ಇಂಚರಳನ್ನು ಕೂಗಿದೆ. ತೆಗಿ ಇದನ್ನ ಎಂದೆ.

"ಗೊತ್ತಿರೋರದ್ದು ನಾನು ಮುಟ್ಟೋ ಹಾಗಿಲ್ಲ ಅಜ್ಜಿ. ಕೆಲ್ಸ ಹೋಗುತ್ತೆ. ನೀವು ರಿಪೋರ್ಟ್ ಒತ್ತಿ."

ಒತ್ತಿದೆ. ಹತ್ತು ನಿಮಿಷಕ್ಕೆ ಉತ್ತರ. ಪರಿಶೀಲಿಸಿದರಂತೆ. ನಿಯಮ ಮೀರಿದ್ದು ಕಾಣಲಿಲ್ಲವಂತೆ.

"ಯಾವನೇ ಅವನು ಪರಿಶೀಲಿಸಿದೋನು?"

"ಮಷೀನು ಅಜ್ಜಿ. ಕೊಲ್ಲು, ಕಡಿ ಅಂತೇನೂ ಇಲ್ವಲ್ಲ ಅದ್ರಲ್ಲಿ." ಅವಳೇ ತನ್ನ ಮೇಲಿನವರಿಗೆ ಉದ್ದಕ್ಕೆ ಬರೆದು ಕಳಿಸಿದಳು. ಯುದ್ಧದ ಗಲಾಟೆಯಲ್ಲಿ ಅಲ್ಲಿ ನಾಲ್ಕು ದಿನದ ರಾಶಿ ಬಿದ್ದಿದೆಯಂತೆ. ನಾಳೆ ಆರು ಗಂಟೆಗೆ ಹತ್ತಿ ಉರಿಯುತ್ತದೆ, ಇವರಿಗೆ ನಾಲ್ಕು ದಿನ ಬೇಕು. ಪೊಲೀಸರಿಗೂ ಅವಳೇ ಫೋನು ಮಾಡಿದಳು. ಬರುತ್ತೇವೆ ಎಂದರಂತೆ.

ಬಾಬಾಜಾನ್‌ಗೆ ಹೇಳಿ ಬಂದೆ. ನಾಳೆ ಬಾಗಿಲು ತೆಗೀಬೇಡ ಎಂದೆ. "ಅಕ್ಕಾ, ನಾಳೆ ಮದುವೆ ಮನೆಗೆ ಎರಡು ಹಾಸಿಗೆ ಕೊಡ್ಬೇಕು," ಎಂದ. ಸೂಜಿಗೆ ದಾರ ಪೋಣಿಸುತ್ತಿದ್ದ. ಮೂರು ಸಲ ತಪ್ಪಿತು.

ಮೇ 11, ಭಾನುವಾರ. ಮಧ್ಯಾಹ್ನ ನಾಲ್ಕು

ಆ ಸಾಲು ಇನ್ನೂ ಅಲ್ಲೇ ಇದೆ. ಆರುನೂರು ಲೈಕು.

ಗೌರಿಗೆ ಬೂಸಾ ಕಲಸಿಟ್ಟಿದ್ದೇನೆ. ಹಾಲು ಕರೆಯುವ ಮಣೆ ತಗೊಂಡು ಹೋಗುತ್ತೇನೆ. ಅಂಗಡಿ ಮುಂದೆ ಕೂತುಕೊಳ್ಳುವುದಕ್ಕೆ.

ಮೇ 12, ಸೋಮವಾರ. ಬೆಳಗ್ಗೆ ಆರೂವರೆ

ಸೊಂಟ ನೋವು. ಬಿಟ್ಟರೆ ಎಲ್ಲ ಸರಿ. ಚೆನ್ನಾಗಿ ನಿದ್ದೆ ಬಂತು. ಬರೆದಿಡುತ್ತೇನೆ.

ಅಂಗಡಿ ಬಾಗಿಲಿಗೆ ಅಡ್ಡ ಮಣೆ ಹಾಕಿ ಕೂತಿದ್ದೆ. ಒಳಗೆ ಬಾಬಾಜಾನ್ ಹೊಲಿಯುತ್ತಿದ್ದ. ಆರಕ್ಕೆ ಐದು ನಿಮಿಷ ಇರುವಾಗ ಬಂದರು. ಹತ್ತು ಹದಿನೈದು ಬೈಕು. ಒಂದರ ಮೇಲೆ ಕ್ಯಾನು. ಮುಂದೆ ಶಿವರಾಮ.

"ಎದ್ದೇಳು ಅತ್ತೆ. ಜನ ನೋಡ್ತಾವ್ರೆ."

"ನೋಡ್ಲಿ ಅಂತಾನೇ ಕುಂತಿರೋದು."

"ನಿನಗಿದೆಲ್ಲ ಅರ್ಥ ಆಗಲ್ಲ. ದೇಶದ ವಿಷ್ಯ ಇದು."

"ನಿನ್ನ ಕುಂಡೆ ತೊಳ್ದೋಳಿಗೆ ದೇಶ ಹೇಳಿಕೊಡ್ತೀಯೇನೋ?"

ಹಿಂದಿನ ಹುಡುಗರು ಕಿಸಕ್ಕೆಂದರು. ಅವನಿಗೆ ಮುಖ ಉರಿಯಿತು. ಒಂದು ಹೆಜ್ಜೆ ಮುಂದಿಟ್ಟ. ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ.

ನಿಂತುಬಿಟ್ಟ. ಪಾಳ್ಯದಲ್ಲಿ ಹುಟ್ಟಿದವನಿಗೆ ಮಣ್ಣು ಹಿಡಿದ ಮುದುಕಿ ಅಂದರೆ ಏನೆಂದು ಗೊತ್ತು. ಅದರಲ್ಲೂ ಮನೆಯ ಹೆಣ್ಣುಮಗಳ ಶಾಪ.

ಕೂಗಿದೆ. ರಸ್ತೆಯ ಕೊನೆವರೆಗೆ ಕೇಳಿಸಿರಬೇಕು. "ಈ ಹೊಸಿಲು ದಾಟಿದೋನ ಮನೆ ಮುಂದೆ ಎಕ್ಕ ಹುಟ್ಟ! ನಮ್ಮಣ್ಣನ ಮಗ ಅಂತ ನೋಡಲ್ಲ! ಅವನ ಬಾಯಿಗೆ ಮಣ್ಣು ಬೀಳ!"

ಕೂಗಿದೆನೇ ಹೊರತು ತೂರಲಿಲ್ಲ. ತೂರಲು ಕೈ ಬರಲಿಲ್ಲ. ಬೆರಳು ಬಿಗಿದು ಹಾಗೇ ಹಿಡಿದಿದ್ದೆ. ನಾನು ತುತ್ತು ಹಾಕಿದ ಬಾಯಿ ಅದು. ತೂರುವುದಿಲ್ಲ ಅಂತ ಅವನಿಗೆ ಗೊತ್ತಾಗಿದ್ದರೆ ದಾಟುತ್ತಿದ್ದನೋ ಏನೋ. ಗೊತ್ತಾಗಲಿಲ್ಲ.

"ಕೆಳಗೆ ನೋಡೋ," ಎಂದೆ. "ಆ ಚಪ್ಪಡಿ ಸಂದಿನಲ್ಲಿ ಏನದು?"

"ಪುರಿ."

"ಯಾವ ಹಬ್ಬಕ್ಕೆ ರಸ್ತೆಗೆ ಪುರಿ ಚೆಲ್ತಾರೋ? ಪಿಳ್ಳಣ್ಣನ ಚಟ್ಟ ಇಲ್ಲಿ ಇಳಿಸಿದ್ದು. ಅವನ ಸಾವಿಗೆ ಹೊಡೆದ ಪಟಾಕಿ ಅದು."

ಬಾಯಿ ತೆರೆದು ನಿಂತ. "ಪಿಳ್ಳಣ್ಣ ಹೋದ್ನಾ? ಯಾವಾಗ?... ನನಗ್ಯಾರೂ ಹೇಳ್ಲಿಲ್ವಲ್ಲ ಅತ್ತೆ."

ಕೋರ್ಟು ಹತ್ತುವ ಮುಂಚೆ ಪಿಳ್ಳಣ್ಣನ ಹೆಗಲ ಮೇಲೆ ಕೂತು ಕರಗ ನೋಡಿದವನು ಇವನು. ಜಗಲಿ ಮೇಲೆ ಕುಸಿದು ಕೂತ. ಅವನು ಕೂತದ್ದು ನೋಡಿ ಬೈಕುಗಳು ಒಂದೊಂದಾಗಿ ತಿರುಗಿದವು. ಕ್ಯಾನಿನವನು ಎಲ್ಲರಿಗಿಂತ ಮೊದಲು ಹೋದ. ಪೊಲೀಸ್ ಜೀಪು ಬಂದಾಗ ಅಲ್ಲಿದ್ದವರು ನಾನು, ಶಿವರಾಮ, ಬಾಬಾಜಾನ್, ಎರಡು ಹೊಸ ಹಾಸಿಗೆ. ಹೆಸರು ವಿಳಾಸ ಬರೆದುಕೊಂಡರು. ನಾಳೆ ಸ್ಟೇಷನ್ನಿಗೆ ಬಾ ಎಂದು ಅವನಿಗೆ ಹೇಳಿದರು. ಹೋಗಲಿ. ಬೈಸಿಕೊಳ್ಳಲಿ.

ಬಾಬಾಜಾನ್ ನನಗೆ ಮಾತ್ರ ನೀರು ತಂದುಕೊಟ್ಟ. ಶಿವರಾಮನ ಕಡೆ ನೋಡಲೂ ಇಲ್ಲ.

ಮೇ 13, ಮಂಗಳವಾರ. ಸಂಜೆ

ಬೈಕಿನವನೊಬ್ಬ ನಾನು ಕೂಗಿದ್ದನ್ನು ವಿಡಿಯೋ ಮಾಡಿದ್ದ. ಪಾಳ್ಯದವರೆಲ್ಲ ನೋಡುತ್ತಿದ್ದಾರೆ ಎಂದು ಖುಷಿಯಾಗಿ ನಾನೂ ಅದನ್ನು ನನ್ನ ಹೆಸರಿನಲ್ಲಿ ಹಾಕಿಕೊಂಡಿದ್ದೆ. ಇವತ್ತು ಆಪ್ ತೆರೆದರೆ ಬಾಗಿಲು ಹಾಕಿದೆ. ಇಂಚರ ಓದಿ ಹೇಳಿದಳು. ಹೇಳುವಾಗ ಸೆರಗಿಲ್ಲದ ಹುಡುಗಿ, ನಗು ಮುಚ್ಚಲು ನನ್ನ ಸೆರಗನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು.

"ಹಿಂಸೆಗೆ ಪ್ರಚೋದನೆ ಅಂತ ಅಜ್ಜಿ. ಮೂವತ್ತು ದಿನ ನೀವು ಏನೂ ಬರೆಯೋ ಹಾಗಿಲ್ಲ."

"ಶಿವರಾಮಂದು?"

"ಅದು... ಇನ್ನೂ ಹಾಗೇ ಇದೆ."

ಎರಡು ನಿಮಿಷ ಬೈದೆ. ಆಮೇಲೆ ನನಗೂ ನಗು ಬಂತು. ಗಂಡ ಬದುಕಿದ್ದಾಗ ಮೂರು ದಿನ ಮುಚ್ಚಿಸಲಾಗದ ಬಾಯಿ. ಕಂಪನಿ ಮೂವತ್ತು ಅಂತೆ.

ಮೇ 18, ಭಾನುವಾರ. ಬೆಳಗ್ಗೆ ಒಂಬತ್ತು

ನಾಲ್ಕು ದಿನ ಇಲ್ಲೂ ಬರೆಯಲಿಲ್ಲ. ಫೋನಿಲ್ಲದೆ ಕೆಲಸ ಜಾಸ್ತಿ ಆಗುತ್ತಿದೆ. ಕೊಟ್ಟಿಗೆಗೆ ಸುಣ್ಣ ಹೊಡೆಸಿದೆ. ಗೌರಿಗೆ ಹೊಸ ಹಗ್ಗ.

ಗುರುವಾರ ಶಿವರಾಮನ ಸಾಲು ತೆಗೆದರಂತೆ. ಅವನೇ ಬುಧವಾರ ಅಳಿಸಿದ್ದ. ಇಲ್ಲದ್ದನ್ನು ತೆಗೆದರು, ಜಾಣರು. ಆದರೆ ಇಂಚರ ಬರೆದುಕೊಂಡಿದ್ದಳಲ್ಲ, ಜಾಗ, ಹೊತ್ತು ಅಂತ, ಅದನ್ನು ಅವಳ ಮೇಲಿನವರು ಕನ್ನಡದ ಟೀಮಿಗೆಲ್ಲ ಓದಿ ಹೇಳಿದರಂತೆ. ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ "ನಮ್ಮ ಓನರ್" ಎಂದಳಂತೆ. ಹುಡುಗಿ ರಾತ್ರಿ ಊಟ ಮಾಡುತ್ತಿದ್ದಾಳೆ. ಅಷ್ಟು ಸಾಕು.

ಇವತ್ತು ಪಿಳ್ಳಣ್ಣನ ಹನ್ನೊಂದನೇ ದಿನದ ತಿಥಿ. ಅವನ ಮಕ್ಕಳು ನಿನ್ನೆ ಶಿವರಾಮನಿಗೆ ಹೇಳಿಕಳಿಸಿದರು. ಎಷ್ಟೋ ವರ್ಷದ ಮೇಲೆ. ನಾನು ಏನೂ ಮಾಡಲಿಲ್ಲ, ಅವರ ಮನೆ ಮುಂದೆ ನಿಂತು ಒಂದು ಸ್ವಲ್ಪ ಜೋರಾಗಿ ಮಾತಾಡಿದೆ ಅಷ್ಟೇ.

ಕೆಳಗಿನಿಂದ ಶಿವರಾಮ ಕೂಗುತ್ತಿದ್ದಾನೆ. ಆಟೋದಲ್ಲಿ ಹಳೇ ಹಾಸಿಗೆ ಹೇರಿಕೊಂಡು ಬಂದಿದ್ದಾನೆ. ನಮ್ಮಣ್ಣ ಮಲಗುತ್ತಿದ್ದದ್ದು. ಹತ್ತಿ ಹಿಂಜಿಸಬೇಕಂತೆ.

"ಅತ್ತೇ, ಬಾಬಾಜಾನ್ ಅಂಗ್ಡಿ ತಂಕ ಜೊತೆಗೆ ಬಾ."

"ದಾರಿ ಮರ್ತೋಯ್ತಾ? ಹೋದ ವಾರ ಸರಿಯಾಗಿ ಆರಕ್ಕೆ ಬಂದಿದ್ಯಲ್ಲ?"

ಕಿಟಕಿಯಿಂದ ಬಗ್ಗಿ ನೋಡಿದೆ. ಹಾಸಿಗೆ ತಲೆ ಮೇಲೆ ಹೊತ್ತು ರಸ್ತೆ ನಡುವೆ ನಿಂತಿದ್ದಾನೆ. ಆಟೋ ಹೋಗಿಯಾಗಿದೆ. ಬಾಬಾಜಾನ್ ಅಂಗಡಿ ಬಾಗಿಲು ಅರ್ಧ ತೆರೆದಿದೆ. ನೋಡುತ್ತಿದ್ದಾನೋ ಏನೋ.

ಒಬ್ಬನೇ ಹೋಗಲಿ ಎಂದು ಕೂತಿದ್ದೇನೆ. ಕೂತು ಬರೆಯುತ್ತಿದ್ದೇನೆ. ಹತ್ತು ಹೆಜ್ಜೆ ಇಲ್ಲ ಅಲ್ಲಿಗೆ. ಈಗ ಐದು ಇಟ್ಟ. ಬಾಗಿಲು ಪೂರ್ತಿ ತೆರೆಯಿತು.